ನಿಮಗಿದು ಗೊತ್ತೇ?: ಬಿಬಿಎಸ್‌ಗೆ ಮರುಜೀವ!

ಇಂಟರ್‌ನೆಟ್ ಮನೆಮನೆಗೆ ಬರುವ ಮೊದಲೇ ಜನ ಕಂಪ್ಯೂಟರಿನಲ್ಲಿ ಹರಟೆ ಹೊಡೆಯುತ್ತಿದ್ದರು! ಫೋನ್ ತಂತಿಯ ಮೇಲೆ, ಬರೀ ಅಕ್ಷರಗಳಲ್ಲಿ. ಅದರ ಹೆಸರು ಬುಲೆಟಿನ್ ಬೋರ್ಡ್ ಸಿಸ್ಟಮ್, ಚಿಕ್ಕದಾಗಿ ಬಿಬಿಎಸ್. ಕಥೆ ಮುಗಿಯಿತು ಎಂದುಕೊಂಡಿದ್ದ ಈ ವ್ಯವಸ್ಥೆಗೆ ಹವ್ಯಾಸಿಗಳು ಈಗ ಮತ್ತೆ ಜೀವ ತುಂಬಿದ್ದಾರೆ.

● ಮೊದಲ ಬಿಬಿಎಸ್ ಹುಟ್ಟಿಗೆ ಕಾರಣ ಹಿಮಪಾತ! 1978ರ ಜನವರಿಯಲ್ಲಿ ಅಮೆರಿಕದ ಶಿಕಾಗೊದಲ್ಲಿ ಭಾರಿ ಹಿಮ ಸುರಿದು ಜನ ಮನೆಯಲ್ಲೇ ಉಳಿಯಬೇಕಾಯಿತು. ಆಗ ವಾರ್ಡ್ ಕ್ರಿಸ್ಟೆನ್ಸನ್ ತಂತ್ರಾಂಶ ಬರೆದರು, ರ‍್ಯಾಂಡಿ ಸ್ಯೂಸ್ ಯಂತ್ರ ಜೋಡಿಸಿದರು. ಫೆಬ್ರವರಿ 16ರಂದು ‘ಸಿಬಿಬಿಎಸ್’ ಶುರುವಾಯಿತು.

● ಆ ಕಂಪ್ಯೂಟರನ್ನು ಎಬ್ಬಿಸುತ್ತಿದ್ದುದು ಫೋನಿನ ಗಂಟೆ. ಕರೆ ಬಂದೊಡನೆ ಯಂತ್ರ ಹೊಸದಾಗಿ ಶುರುವಾಗಿ, ಫ್ಲಾಪಿಯಿಂದ ತಂತ್ರಾಂಶವನ್ನು ಓದಿಕೊಂಡು ಮಾತಿಗೆ ಸಿದ್ಧವಾಗುತ್ತಿತ್ತು.

● ಇದ್ದುದು ಒಂದೇ ಫೋನ್ ಲೈನ್. ಒಬ್ಬರು ಒಳಗಿದ್ದರೆ ಉಳಿದವರಿಗೆಲ್ಲ ಎಂಗೇಜ್ ಸದ್ದು! ಹಾಗಿದ್ದೂ ಮುಚ್ಚುವ ಹೊತ್ತಿಗೆ ಸಿಬಿಬಿಎಸ್ ಎರಡೂವರೆ ಲಕ್ಷಕ್ಕೂ ಹೆಚ್ಚು ಕರೆಗಳನ್ನು ಕಂಡಿತ್ತು.

● ಅಂದಿನ 300 ಬಾಡ್ ಮೋಡೆಮ್ ಸೆಕೆಂಡಿಗೆ ಕಳಿಸುತ್ತಿದ್ದುದು ಸುಮಾರು 30 ಅಕ್ಷರ ಮಾತ್ರ. ನಿಮ್ಮ ಮೊಬೈಲಿನ 2 ಎಂಬಿ ಫೋಟೊ ಆ ವೇಗದಲ್ಲಿ ಬರಬೇಕಾದರೆ 18 ಗಂಟೆಗೂ ಹೆಚ್ಚು ಕಾಯಬೇಕು!

● 1984ರಲ್ಲಿ ಟಾಮ್ ಜೆನ್ನಿಂಗ್ಸ್ ‘ಫಿಡೊನೆಟ್’ ಕಟ್ಟಿದರು. ಕರೆದರ ಅಗ್ಗವಾಗುವ ರಾತ್ರಿ ಹೊತ್ತಿನಲ್ಲಿ ಒಂದು ಬಿಬಿಎಸ್ ಇನ್ನೊಂದಕ್ಕೆ ತಾನೇ ಫೋನ್ ಮಾಡಿ ಪತ್ರಗಳನ್ನು ದಾಟಿಸುತ್ತಿತ್ತು. ಫಿಡೊನೆಟ್ ಇಂದಿಗೂ ನಿಂತಿಲ್ಲ.

● ಬೆಂಗಳೂರಿಗೂ ಬಿಬಿಎಸ್ ನಂಟಿದೆ. ಭಾರತದ ಮೊದಮೊದಲ ಬಿಬಿಎಸ್‌ಗಳಲ್ಲಿ ಒಂದಾದ ‘ಸಿಐಎಕ್ಸ್’ ಅನ್ನು ನಡೆಸಿದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಮುಂದೆ ‘ಫಾಸ್ ಡಾಟ್ ಇನ್’ ಎಂಬ ಮುಕ್ತ ತಂತ್ರಾಂಶ ಸಮ್ಮೇಳನದ ಹಿಂದೆ ಇದ್ದವರೂ ಅವರೇ.

● ಈಗ ಬಿಬಿಎಸ್‌ಗೆ ಫೋನ್ ಲೈನೇ ಬೇಕಿಲ್ಲ. ಟೆಲ್‌ನೆಟ್ ಅಥವಾ ಎಸ್‌ಎಸ್‌ಎಚ್ ಮೂಲಕ ಇಂಟರ್‌ನೆಟ್‌ನಲ್ಲೇ ಒಳಹೊಗಬಹುದು. ‘ಸಿಂಕ್ರೊನೆಟ್’ನಂಥ ಉಚಿತ ತಂತ್ರಾಂಶವಿದ್ದರೆ ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರೂ ಒಂದು ಬಿಬಿಎಸ್ ನಡೆಸೀತು. ಎಂಗೇಜ್ ಸದ್ದಿನ ಕಾಟವೂ ಇಲ್ಲ, ಹಲವರು ಒಟ್ಟಿಗೇ ಬರಬಹುದು.

● 1982ರ ಕಮೊಡೋರ್ 64 ಕಂಪ್ಯೂಟರಿನಿಂದಲೂ ಇಂದಿನ ಬಿಬಿಎಸ್‌ಗೆ ಹೋಗಬಹುದು! ಅದಕ್ಕೆಂದೇ ವೈಫೈ ಮೋಡೆಮ್‌ಗಳಿವೆ. ಹಳೆಯ ‘ಎಟಿಡಿಟಿ’ ಆದೇಶ ಕೊಟ್ಟು, ಫೋನ್ ನಂಬರಿನ ಜಾಗದಲ್ಲಿ ಇಂಟರ್‌ನೆಟ್ ವಿಳಾಸ ಹಾಕಿದರೆ ಸಾಕು. ತಾನು ಫೋನ್ ಮಾಡುತ್ತಿದ್ದೇನೆ ಎಂದೇ ಆ ಮುದಿ ಯಂತ್ರ ನಂಬುತ್ತದೆ!

● ‘ಲೆಜೆಂಡ್ ಆಫ್ ದಿ ರೆಡ್ ಡ್ರ್ಯಾಗನ್’ ಬಿಬಿಎಸ್ ಕಾಲದ ಜನಪ್ರಿಯ ಆಟ. ದಿನಕ್ಕೆ ಇಷ್ಟೇ ಕಾಳಗ ಎಂಬ ಮಿತಿ ಅದರಲ್ಲಿತ್ತು. ಒಂದೇ ಲೈನಿನಲ್ಲಿ ಎಲ್ಲರ ಸರದಿ ಬರಬೇಕಲ್ಲ! ಆಟ ಈಗಲೂ ಹಲವು ಬಿಬಿಎಸ್‌ಗಳಲ್ಲಿ ಸಿಗುತ್ತದೆ.

● ಬಿಬಿಎಸ್ ಪರದೆಯ ಚಿತ್ರಗಳೂ ಅಕ್ಷರಗಳಿಂದಲೇ ಆದವು: ಅಡ್ಡಕ್ಕೆ 80 ಅಕ್ಷರ, ಉದ್ದಕ್ಕೆ 25 ಸಾಲು, 16 ಬಣ್ಣ. ಇದಕ್ಕೆ ಬಳಕೆಯಾದ 256 ಚಿಹ್ನೆಗಳ ಐಬಿಎಂ ಪಟ್ಟಿಯಲ್ಲಿ ಕನ್ನಡದ ಒಂದಕ್ಷರವೂ ಇಲ್ಲ. ಯೂನಿಕೋಡ್ ಬೆಂಬಲವಿರುವ ಹೊಸ ತಂತ್ರಾಂಶಗಳಿಂದ ಆ ಅಡ್ಡಿ ಅರ್ಧ ನೀಗಿದೆ. ಸಮ ಅಗಲದ ಚೌಕಗಳಲ್ಲಿ ನಮ್ಮ ಒತ್ತಕ್ಷರಗಳನ್ನು ಕೂರಿಸುವುದು ಮಾತ್ರ ಇನ್ನೂ ಕಷ್ಟವೇ.

● ಬಿಬಿಎಸ್ ನಡೆಸುವವರಿಗೆ ‘ಸಿಸಾಪ್’ ಎನ್ನುತ್ತಾರೆ. ಹೆಚ್ಚಿನ ಕಡೆ ಇದು ಮನೆಯಿಂದಲೇ ನಡೆಯುವ ಹವ್ಯಾಸ. ನೀವು ಏನು ಓದಬೇಕೆಂದು ಆರಿಸಿಕೊಡುವ ಅಲ್ಗಾರಿದಮ್ ಇಲ್ಲಿಲ್ಲ. ಬರೆದದ್ದೆಲ್ಲ ಬರೆದ ಕ್ರಮದಲ್ಲೇ ಕಾಣುತ್ತದೆ.

ನೋಡುವ ಆಸೆಯೇ? ‘ಸಿಂಕ್‌ಟರ್ಮ್’ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಯಾವುದಾದರೂ ಬಿಬಿಎಸ್ ಹೊಕ್ಕು ಬನ್ನಿ. ಆದರೆ ಒಂದು ಎಚ್ಚರಿಕೆ: ಟೆಲ್‌ನೆಟ್‌ನಲ್ಲಿ ಪಾಸ್‌ವರ್ಡ್ ಗೂಢಲಿಪಿಯಾಗದೆ ಹಾಗೇ ಸಾಗುತ್ತದೆ. ಬ್ಯಾಂಕಿಗೋ ಇಮೇಲಿಗೋ ಇಟ್ಟಿರುವ ಪಾಸ್‌ವರ್ಡನ್ನು ಅಲ್ಲಿ ಖಂಡಿತ ಬಳಸಬೇಡಿ!