ಸಂಘಕ್ಕೆ ಹೊಸ ಪದ್ಧತಿ ತರುವಿರಾ? ಸ್ವಲ್ಪ ನಿಲ್ಲಿ!

ಈ ವರ್ಷ ನಿಮ್ಮ ಮಹಿಳಾ ಸಮಾಜಕ್ಕೋ ಸ್ವಸಹಾಯ ಸಂಘಕ್ಕೋ ನೀವೇ ಅಧ್ಯಕ್ಷೆಯೇ? ಬಹಳ ಸಂತೋಷ! ಹಾಗಾದರೆ ನಿಮ್ಮ ತಲೆಯಲ್ಲಿ ಆಗಲೇ ಒಂದು ಪಟ್ಟಿ ಸಿದ್ಧವಾಗಿರಬೇಕು. ಲೆಕ್ಕದ ಪುಸ್ತಕ ಸರಿಪಡಿಸಬೇಕು, ಸಭೆ ಹೇಳಿದ ಹೊತ್ತಿಗೆ ಶುರುವಾಗಬೇಕು, ಮಾರಾಟದ ಉಪ್ಪಿನಕಾಯಿಗೆಲ್ಲ ಒಂದೇ ಅಳತೆ ಇರಬೇಕು, ಹಣ ಕೈಯಿಂದ ಕೈಗೆ ಹೋಗದೆ ಬ್ಯಾಂಕಿನ ಮೂಲಕವೇ ಹೋಗಬೇಕು... ಎಲ್ಲವೂ ಒಳ್ಳೆಯದೇ. ಆದರೂ ಮೂರು ತಿಂಗಳು ಕಳೆಯುವಷ್ಟರಲ್ಲಿ "ನಾನೆಷ್ಟು ಬಡ್ಕೊಂಡ್ರೂ ಇವರಿಗೆ ಬೇಡ ಕಣ್ರೀ" ಅಂತ ನೀವು, "ಬಂದ್ಳಪ್ಪಾ ದೊಡ್ಡ ಸುಧಾರಕಿ" ಅಂತ ಅವರು! ಯಾಕೆ ಹೀಗಾಗುತ್ತದೆ?

ಸದಸ್ಯೆಯರು ಹಳೇಕಾಲದವರು, ಹೊಸದೇನೂ ತಲೆಗೆ ಹತ್ತುವುದಿಲ್ಲ ಎಂದು ತೀರ್ಮಾನಿಸುವುದು ಸುಲಭ. ಎಷ್ಟೋ ಸಲ ಕಾರಣ ಅದಲ್ಲ. ಹೊಸ ಪದ್ಧತಿಯ ಲಾಭ ಸಂಘಕ್ಕೆ ಸಿಗುತ್ತದೆ. ಅದರ ಹೊರೆ ಮಾತ್ರ ಯಾರೋ ಒಬ್ಬಳ ತಲೆಗೆ ಬೀಳುತ್ತದೆ. ಆ 'ಯಾರೋ ಒಬ್ಬಳು' ಯಾರು ಎಂದು ನಾವು ಮೊದಲೇ ವಿಚಾರಿಸಿರುವುದಿಲ್ಲ.

ಹಪ್ಪಳದ ಕಥೆಯನ್ನೇ ತೆಗೆದುಕೊಳ್ಳಿ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಮಂದಿ ಗುಜರಾತಿ ಗೃಹಿಣಿಯರು 80 ರೂಪಾಯಿ ಸಾಲ ಪಡೆದು, ತಾವಿದ್ದ ಕಟ್ಟಡದ ತಾರಸಿಯ ಮೇಲೆ ಕೂತು ನಾಲ್ಕು ಪೊಟ್ಟಣ ಹಪ್ಪಳ ಮಾಡಿದರು. ನಿಮ್ಮ ಬೀದಿಯ ಅಂಗಡಿಯಲ್ಲೂ ಸಿಗುವ ಲಿಜ್ಜತ್ ಹಪ್ಪಳ ಹುಟ್ಟಿದ್ದು ಹೀಗೆ. ಆ ಏಳು ಮಂದಿಯಲ್ಲಿ ಒಬ್ಬರಾದ ಜಸವಂತಿಬೆನ್ ಜಮ್ನಾದಾಸ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿಯ ಮಾತು ಇರಲಿ, ನಮಗಿಲ್ಲಿ ಬೇಕಾದ್ದು ಅವರು ತಮ್ಮ ಕೆಲಸದ ರೀತಿಯನ್ನು ಬದಲಾಯಿಸಿಕೊಂಡ ಬಗೆ.

ಮೊದಲ ವರ್ಷ ಮಳೆಗಾಲದಲ್ಲಿ ನಾಲ್ಕು ತಿಂಗಳು ಕೆಲಸವೇ ನಿಂತುಹೋಯಿತು. ಹಪ್ಪಳ ಒಣಗಬೇಕಲ್ಲ! ಮರುವರ್ಷ ಅವರೇನು ದೊಡ್ಡ ಯಂತ್ರ ತರಿಸಲಿಲ್ಲ. ಒಂದು ಮಂಚ, ಒಂದು ಸ್ಟೌವ್ ಕೊಂಡರು. ಮಂಚದ ಮೇಲೆ ಹಪ್ಪಳ, ಮಂಚದ ಕೆಳಗೆ ಉರಿಯುವ ಸ್ಟೌವ್. ಮಳೆ ಸುರಿದರೆ ಸುರಿಯಲಿ! ಮೂರನೆಯ ವರ್ಷಕ್ಕೆ ಸದಸ್ಯೆಯರು 300 ದಾಟಿದರು. ತಾರಸಿಯಲ್ಲಿ ಅಷ್ಟು ಮಂದಿಗೆ ಜಾಗವೆಲ್ಲಿ? ಆಗ ಕಲಸಿದ ಹಿಟ್ಟನ್ನು ಹಂಚಿ, ಮನೆಯಲ್ಲೇ ಲಟ್ಟಿಸಿ ತರುವ ಪದ್ಧತಿ ಬಂತು. ತಂದ ಹಪ್ಪಳವನ್ನು ತೂಗಿ, ಪೊಟ್ಟಣ ಕಟ್ಟುವುದು ಸಂಘದ ಕೆಲಸ. ಇದು ಚಿಕ್ಕ ಬದಲಾವಣೆಯಲ್ಲ, ಸಂಸ್ಥೆಯ ಸ್ವರೂಪವೇ ಬದಲಾಯಿತು. ಆದರೂ ಅದು ಊರಿತು. ನನಗನ್ನಿಸುವಂತೆ ಕಾರಣ ಇಷ್ಟೇ: ಎಳೆಗೂಸಿನ ತಾಯಿಗೂ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಸೊಸೆಗೂ ಹೊಸ ಪದ್ಧತಿ ಹಳೆಯದಕ್ಕಿಂತ ಸುಲಭವಾಗಿತ್ತು.

ಹಾಗೆಂದು ಎಲ್ಲವನ್ನೂ ಸಡಿಲ ಬಿಡಲಿಲ್ಲ. ಆರಂಭದಲ್ಲಿ ಕಡಿಮೆ ಬೆಲೆಗೆ ಎರಡನೆಯ ದರ್ಜೆಯ ಹಪ್ಪಳವನ್ನೂ ಮಾರುವ ಯೋಚನೆ ಇತ್ತು. ಛಗನ್‌ಬಾಪಾ ಎಂದು ಎಲ್ಲರೂ ಕರೆಯುತ್ತಿದ್ದ ಹಿರಿಯ ಸಮಾಜಸೇವಕರು, ಸಾಲ ಕೊಟ್ಟವರೂ ಅವರೇ, ಅದು ಬೇಡವೆಂದರು. ಒಂದೇ ಗುಣಮಟ್ಟ ಇರಲಿ, ಲೆಕ್ಕ ಚೊಕ್ಕವಾಗಿರಲಿ ಎಂದರು. ಎಲ್ಲಿ ಕೂತು ಲಟ್ಟಿಸುತ್ತೀರಿ ಎನ್ನುವುದು ಬದಲಾಯಿತು, ಹಪ್ಪಳ ಹೇಗಿರಬೇಕು ಎನ್ನುವುದು ಬದಲಾಗಲಿಲ್ಲ. ನೀವೂ ಪಟ್ಟಿ ಹಿಡಿದು ಹೊರಡುವ ಮುನ್ನ, ಯಾವುದನ್ನು ಮುಟ್ಟುವುದಿಲ್ಲ ಎಂಬುದನ್ನು ಮೊದಲ ಸಭೆಯಲ್ಲೇ ಹೇಳಿಬಿಡಿ. ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಈಗ ಇಂದಿನ ಮಾತಿಗೆ ಬರೋಣ. "ಮುಂದಿನ ತಿಂಗಳಿಂದ ಕಂತಿನ ಹಣ ಎಲ್ಲರೂ ಫೋನಿನಲ್ಲೇ ಕಳಿಸಬೇಕು" ಎಂದು ನಿಯಮ ಮಾಡುತ್ತೀರಿ ಅಂತಿಟ್ಟುಕೊಳ್ಳಿ. ಚಿಲ್ಲರೆಯ ರಗಳೆಯಿಲ್ಲ, ಲೆಕ್ಕ ತಾನಾಗೇ ಸಿಗುತ್ತದೆ. ಸರಿ. ಆದರೆ ಎಷ್ಟು ಜನ ಸದಸ್ಯೆಯರ ಕೈಯಲ್ಲಿ ಸ್ವಂತ ಫೋನಿದೆ? ಫೋನು ಗಂಡನದೋ ಮಗನದೋ ಆದರೆ, ಅವಳು ಎಷ್ಟು ಕೂಡಿಟ್ಟಿದ್ದಾಳೆ ಅನ್ನೋದು ಮನೆಮಂದಿಗೆಲ್ಲ ತಿಳಿಯುತ್ತದೆ. ಮಗಳ ಫೀಸಿಗೆಂದು ಸಾಸಿವೆ ಡಬ್ಬಿಯ ದುಡ್ಡನ್ನು ಸಂಘದಲ್ಲಿ ಹಾಕುತ್ತಿದ್ದವಳಿಗೆ ಇದು ಸಣ್ಣ ವಿಷಯವಲ್ಲ. ಸಭೆಯಲ್ಲಿ ಎದ್ದು ನಿಂತು "ನಮ್ಮನೇವ್ರಿಗೆ ಗೊತ್ತಾಗುತ್ತೆ" ಅಂತ ಹೇಳುವುದಾದರೂ ಹೇಗೆ? ಸುಮ್ಮನೆ ಕಂತು ಕಟ್ಟೋದನ್ನೇ ಬಿಡುತ್ತಾಳೆ. ನಿಮ್ಮ ಪುಸ್ತಕದಲ್ಲಿ ಅವಳು 'ಅಶಿಸ್ತಿನ ಸದಸ್ಯೆ' ಆಗುತ್ತಾಳೆ! ಫೋನಿದ್ದವರು ಫೋನಿನಲ್ಲಿ, ಇಲ್ಲದವರು ರಸೀದಿ ಪಡೆದು ನಗದಿನಲ್ಲಿ ಎಂದು ಎರಡು ದಾರಿ ಇಟ್ಟರೆ ನಿಮಗೆ ಒಂದು ಗಂಟೆ ಕೆಲಸ ಹೆಚ್ಚಾದೀತು, ಅಷ್ಟೇ.

ಅಹಮದಾಬಾದಿನ 'ಸೇವಾ' ಸಂಘದ ಹೆಂಗಸರು ಇಂಥದೇ ತೊಡಕನ್ನು ಚೆನ್ನಾಗಿ ಬಿಡಿಸಿದರು. ತರಕಾರಿ ಮಾರುವವರು, ಹಳೇ ಬಟ್ಟೆ ಮಾರುವವರು, ತಲೆಹೊರೆ ಹೊರುವವರನ್ನು ಕೂಡಿಸಿ ಇಳಾ ಭಟ್ ಅವರು 1972ರಲ್ಲಿ ಕಟ್ಟಿದ ಸಂಘ ಅದು. 1974ರಲ್ಲಿ ಅದರ 4,000 ಸದಸ್ಯೆಯರು ತಲಾ 10 ರೂಪಾಯಿ ಹಾಕಿ ತಮ್ಮದೇ ಸಹಕಾರಿ ಬ್ಯಾಂಕು ತೆರೆದರು. ಬಹಳ ಮಂದಿಗೆ ಓದುಬರಹ ಬಾರದು. "ಮೊದಲು ಸಹಿ ಹಾಕೋದು ಕಲಿತು ಬನ್ನಿ, ಆಮೇಲೆ ಖಾತೆ" ಅಂದಿದ್ದರೆ ಬ್ಯಾಂಕು ಖಾಲಿ ಬೀಳುತ್ತಿತ್ತು. ಅವರು ಗುರುತಿಗೆ ಖಾತೆದಾರಳ ಭಾವಚಿತ್ರವನ್ನೇ ಇಟ್ಟುಕೊಂಡರು. ಸದಸ್ಯೆಗೆ ಏನು ಬಾರದೋ ಅದನ್ನು ಬ್ಯಾಂಕು ತನ್ನ ವ್ಯವಸ್ಥೆಯಿಂದ ತುಂಬಿಕೊಂಡಿತು.

ಇನ್ನೊಂದು ಗುಂಡಿ ಇದೆ, ಬುದ್ಧಿವಂತೆಯರೇ ಅದರಲ್ಲಿ ಹೆಚ್ಚು ಬೀಳುವುದು. ಹೊಸ ಲೆಕ್ಕದ ಪದ್ಧತಿ ತರುವಾಗ ಹಳೆಯ ಖಜಾಂಚಿಯನ್ನು ಮರೆತೇಬಿಡುತ್ತೇವೆ. ಹತ್ತು ವರ್ಷ ಆಕೆ ತನ್ನದೇ ಗುರುತು ಹಾಕಿಕೊಂಡು ಪೈಸೆ ಪೈಸೆಗೆ ಲೆಕ್ಕ ಇಟ್ಟಿದ್ದಾಳೆ. ನೀವು ಬಂದು "ಈ ಪುಸ್ತಕ ಯಾರಿಗೂ ಅರ್ಥವಾಗೋಲ್ಲ" ಅಂದಿರಿ. ನೀವು ಅಂದದ್ದು ಪುಸ್ತಕಕ್ಕೆ. ಆಕೆಗೆ ಕೇಳಿಸಿದ್ದು "ನಿನ್ನ ಮೇಲೆ ನಂಬಿಕೆಯಿಲ್ಲ" ಅಂತ. ಮಾರನೇ ದಿನದಿಂದ ಆಕೆ ನಿಮ್ಮ ವಿರೋಧ ಪಕ್ಷ! ಆಕೆಯನ್ನೇ ಪಕ್ಕ ಕೂರಿಸಿಕೊಂಡು ಹೊಸ ಪುಸ್ತಕದ ಗೆರೆ ಎಳೆಯಿರಿ. ಯಾರು ಯಾವ ತಿಂಗಳು ತಡಮಾಡುತ್ತಾರೆ, ಯಾಕೆ ಮಾಡುತ್ತಾರೆ ಅನ್ನೋದು ಆಕೆಗೆ ಗೊತ್ತು, ನಿಮಗೆ ಗೊತ್ತಿಲ್ಲ. ಹೊಸದು ರೂಢಿಯಾಗುವ ತನಕ ಎರಡು ಮೂರು ತಿಂಗಳು ಹಳೇ ಪುಸ್ತಕವೂ ಜೊತೆಗೆ ನಡೆಯಲಿ. ಆಮೇಲೆ ಎಲ್ಲರೆದುರು ಎರಡನ್ನೂ ತಾಳೆ ನೋಡಿ, ಹಳೆಯದನ್ನು ಮುಕ್ತಾಯ ಮಾಡಿ. ವರ್ಷಗಟ್ಟಲೆ ಎರಡೂ ನಡೆದರೆ ಮಾತ್ರ ಗೋಜಲು.

ಹಾರ್ವರ್ಡ್‌ನ ಪ್ರಾಧ್ಯಾಪಕ ಜಾನ್ ಕಾಟರ್ ಎಂಬುವರು 1995ರಲ್ಲಿ, ದೊಡ್ಡ ದೊಡ್ಡ ಕಂಪನಿಗಳ ಬದಲಾವಣೆ ಯಾಕೆ ಸೋಲುತ್ತದೆ ಎಂದು ಬರೆಯುತ್ತಾ ಎಂಟು ತಪ್ಪುಗಳನ್ನು ತೋರಿಸಿದರು. ಅಯ್ಯೋ, ಕಂಪನಿಯವರ ಮಾತು ನಮಗ್ಯಾಕೆ ಎಂದು ಪುಟ ಮಗುಚಬೇಡಿ. ಆ ಎಂಟರಲ್ಲಿ ಎರಡಂತೂ ನಮ್ಮ ಸಂಘಗಳಿಗೆಂದೇ ಬರೆದಂತಿವೆ. ಒಂದು, ಹೇಳಬೇಕಾದ್ದರ ಹತ್ತರಲ್ಲೊಂದು ಪಾಲು ಮಾತ್ರ ಹೇಳಿ ಎಲ್ಲರಿಗೂ ತಿಳಿಯಿತು ಎಂದುಕೊಳ್ಳುವುದು. ವಾಟ್ಸಾಪ್ ಗುಂಪಿಗೆ ಒಂದು ಸೂಚನೆ ಹಾಕಿದರೆ ಹೇಳಿದಂತಾಯಿತೇ? ಇನ್ನೊಂದು, ಗೆದ್ದೆವೆಂದು ಬಹಳ ಬೇಗ ಡಂಗುರ ಸಾರುವುದು. ಎರಡು ಸಭೆ ಸರಿಯಾದ ಹೊತ್ತಿಗೆ ಶುರುವಾದವೆಂದು ಸಿಹಿ ಹಂಚಿದಿರಿ, ಶ್ರಾವಣದ ಹಬ್ಬಗಳು ಬಂದವು, ಮತ್ತೆ ಯಥಾಪ್ರಕಾರ!

ಒಂದೇ ಸಲ ಎಲ್ಲವನ್ನೂ ಹಿಡಿಯಲು ಹೋಗಬೇಡಿ ಎಂದು ಬೇರೆ ಹೇಳಬೇಕೇ? ಉಪ್ಪಿನಕಾಯಿಯ ಅಳತೆ ಬದಲಾಯಿಸುವುದಾದರೆ ಮೊದಲು ನಿಂಬೆಕಾಯಿಯದೊಂದನ್ನೇ ಮಾಡಿ ನೋಡಿ. ಲಿಜ್ಜತ್‌ನವರೂ 1961ರಲ್ಲಿ ಮುಂಬಯಿಯ ಉಪನಗರ ಮಾಲಾಡ್‌ನಲ್ಲಿ ಶಾಖೆ ತೆರೆಯಲು ಹೋಗಿ ಸೋತರು. ಸೋತದ್ದು ಆ ಒಂದು ಶಾಖೆ. ಗಿರಗಾಂವ್‌ನ ಲಟ್ಟಣಿಗೆ ನಿಲ್ಲಲಿಲ್ಲ.

ಹೊಸ ಪದ್ಧತಿ ಶುರುವಾದ ಮೇಲೆ ಸತತ ಎರಡು ಸಭೆಗೆ ಬಾರದವಳಿದ್ದರೆ ದಂಡ ಹಾಕುವ ಮುನ್ನ ಒಮ್ಮೆ ಅವಳ ಮನೆಗೆ ಹೋಗಿಬನ್ನಿ. ಒಬ್ಬರೇ ಹೋಗಿ, ಪದಾಧಿಕಾರಿಗಳ ದಂಡು ಬೇಡ. ಕಾಫಿಗೆ ಕೂತಾಗ ಅವಳೇ ಹೇಳುತ್ತಾಳೆ. ಸಭೆಯ ಹೊಸ ವೇಳೆ ನಲ್ಲಿ ನೀರು ಬರುವ ಹೊತ್ತಾಗಿರಬಹುದು. ಅಷ್ಟೇ ಆಗಿದ್ದರೆ ಸಭೆಯನ್ನು ಅರ್ಧ ಗಂಟೆ ಮುಂದೂಡಿ, ಅವಳ ಪಕ್ಕದ ಮನೆಯವಳೂ ಬರುತ್ತಾಳೆ.