ಮನೆಪಾಠದ ಉದ್ಯೋಗವನ್ನು ತೊಡಗುವವರಿಗೆ

ನಮ್ಮ ಶಾಲೆಯನ್ನು ಬಿಟ್ಟುಹೋದ ವಿದ್ಯಾರ್ಥಿನಿಯರು ಆಗಾಗ್ಗೆ ನಮ್ಮನ್ನು ಕಾಣಲು ಬರುವುದುಂಟು. ಪದವಿಯನ್ನು ಪಡೆದು, ಶಿಕ್ಷಕರ ತರಬೇತಿಯನ್ನೂ ಮುಗಿಸಿ, ಕೆಲಸ ದೊರೆಯದೆ ಮನೆಯಲ್ಲಿರುವವರು ಅವರಲ್ಲಿ ಕೆಲವರು. ಎಳೆಯ ಮಕ್ಕಳಿರುವುದರಿಂದ ದೂರ ಹೋಗಲಾರದವರು ಕೆಲವರು. ಗಂಡನನ್ನು ಕಳೆದುಕೊಂಡು ಸಂಸಾರದ ಭಾರವನ್ನೆಲ್ಲಾ ಹೊತ್ತವರೂ ಉಂಟು. “ಟೀಚರ್, ಮನೆಯಲ್ಲಿಯೇ ಒಂದು ಕೋಚಿಂಗ್ ತರಗತಿಯನ್ನು ತೊಡಗಿದರೆ ನಡೆದೀತೇ?” ಎಂಬುದೇ ಇವರೆಲ್ಲರ ಪ್ರಶ್ನೆ. ಒಬ್ಬೊಬ್ಬರಿಗೆ ಹೇಳುತ್ತ ಬಂದುದನ್ನು ಈ ಸಂಚಿಕೆಯ ಮೂಲಕ ಎಲ್ಲರಿಗೂ ಹೇಳಬೇಕೆಂದು ಬಯಸಿದ್ದೇವೆ.

ಪಾಠ ಹೇಳಿ ಹಣ ಪಡೆಯುವುದು ಕೀಳೆಂದು ಕೆಲವರು ಅಳುಕುವರು. ಈ ಅಳುಕಿಗೆ ಕಾರಣವಿಲ್ಲ. ಸರಕಾರಿ ಶಾಲೆಗಳು ಹಬ್ಬುವುದಕ್ಕೆ ಮುಂಚೆ ನಮ್ಮ ನಾಡಿನ ಊರುಗಳಲ್ಲಿ ಕೂಲಿಮಠಗಳಿದ್ದುವು. ಅಲ್ಲಿಯ ಅಯ್ಯಗಳಿಗೆ ಮಕ್ಕಳ ಹೆತ್ತವರು ಕಾಳುಕಡಿಯನ್ನೋ ಹಣವನ್ನೋ ಕೊಡುತ್ತಿದ್ದರು. ದುಡಿದವರಿಗೆ ಕೂಲಿ ಸಲ್ಲತಕ್ಕದ್ದೇ. ಆದರೆ ಯಾವ ದುಡಿಮೆಗೆ ಕೂಲಿಯನ್ನು ಪಡೆಯುತ್ತೇವೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು.

ಇದನ್ನು ನಾವು ನಮ್ಮದೇ ತಪ್ಪಿನಿಂದ ಕಲಿತೆವು. ಶಾಲೆಯಲ್ಲಿ ಕೆಲಸಕ್ಕೆ ಸೇರುವ ಮೊದಲು, 10ನೆಯ ತರಗತಿಯ ಹುಡುಗಿಯೊಬ್ಬಳಿಗೆ ಸಂಜೆಯ ಹೊತ್ತು ಗಣಿತವನ್ನು ಹೇಳಿಕೊಡುತ್ತಿದ್ದೆವು. ಅವಳು ಎಲ್ಲಿ ತಡೆದು ನಿಲ್ಲುವಳೋ ಅಲ್ಲಿಂದ ನಾವೇ ಲೆಕ್ಕವನ್ನು ಮುಂದುವರಿಸಿ ಬಿಡಿಸಿ ತೋರಿಸುತ್ತಿದ್ದೆವು. ಅವಳ ಪುಸ್ತಕದಲ್ಲಿ ತಪ್ಪೆಂಬುದೇ ಇರಲಿಲ್ಲ. ತಾಯಿಗೆ ಸಂತೋಷ, ನಮಗೆ ಹೆಮ್ಮೆ. ಪರೀಕ್ಷೆಯಲ್ಲಿ ಮಾತ್ರ ಅವಳು ಉತ್ತೀರ್ಣಳಾಗಲಿಲ್ಲ. ಹೊಲಿಗೆಯಿಂದ ಜೀವನ ಸಾಗಿಸುತ್ತಿದ್ದ ಆ ತಾಯಿ, ಬಾಕಿಯಿದ್ದ ಒಂದು ತಿಂಗಳ ಶುಲ್ಕವನ್ನು ತಂದು ನಮ್ಮ ಮುಂದಿಟ್ಟು, ಒಂದು ಮಾತನ್ನೂ ಆಡದೆ ಹೊರಟುಹೋದರು. ಅದನ್ನು ಮರಳಿ ಕೊಡುವ ಬುದ್ಧಿ ನಮಗೆ ಆಗ ಬರಲಿಲ್ಲ.

ಮಗುವು ನಮ್ಮ ಸಹಾಯವಿಲ್ಲದೆ ತಾನೇ ನಡೆಯುವಂತೆ ಮಾಡುವುದೇ ಮನೆಪಾಠದ ಕೆಲಸವೆಂದು ಅಂದು ತಿಳಿಯಿತು. ಉದ್ಯೋಗವನ್ನು ತೊಡಗುವವರು ಎಲ್ಲವನ್ನೂ ಈ ಒಂದು ಅಳತೆಯಿಂದಲೇ ಅಳೆಯತಕ್ಕದ್ದು.

ಮೊದಲನೆಯದಾಗಿ, ಎಲ್ಲಾ ವಿಷಯಗಳನ್ನೂ ಎಲ್ಲಾ ತರಗತಿಗಳಿಗೂ ಹೇಳುತ್ತೇವೆಂದು ಹಲಗೆ ಹಾಕಬಾರದು. ತಮಗೆ ಚೆನ್ನಾಗಿ ಬಲ್ಲ ಒಂದೆರಡು ವಿಷಯಗಳನ್ನು, ಎರಡು ಮೂರು ತರಗತಿಗಳಿಗೆ ಮಾತ್ರ ಇಟ್ಟುಕೊಳ್ಳಲಿ. ಮಗು ಬಂದ ಮೊದಲ ದಿನ ಪಾಠವನ್ನು ಆರಂಭಿಸದೆ, ಹಿಂದಿನ ತರಗತಿಗಳ ಹತ್ತು ಪ್ರಶ್ನೆಗಳನ್ನು ಕೊಟ್ಟು ನೋಡಬೇಕು. 10ನೆಯ ತರಗತಿಯ ಬೀಜಗಣಿತದಲ್ಲಿ ಎಡವುವ ಮಗುವಿಗೆ ಅನೇಕ ವೇಳೆ ಭಿನ್ನರಾಶಿಯೋ, ಧನ ಋಣ ಚಿಹ್ನೆಗಳೋ ತಿಳಿದಿರುವುದಿಲ್ಲ. ಬೇರು ಒಣಗಿರುವಾಗ ಎಲೆಗೆ ನೀರೆರೆದು ಫಲವೇನು?

ಎರಡನೆಯದಾಗಿ, ಒಂದು ಹೊತ್ತಿಗೆ ಹತ್ತು ಹನ್ನೆರಡು ಮಕ್ಕಳು ಸಾಕು. ಹೆಚ್ಚಾದರೆ ಶಾಲೆಯ ತರಗತಿಯೇ ಮನೆಗೆ ಬಂದಂತಾಗುವುದು. ಬಲ್ಲ ಮಗುವು ಅರಿಯದ ಮಗುವಿಗೆ ಹೇಳಿಕೊಡಲಿ. ಇದು ನಮ್ಮ ದೇಶದ ಹಳೆಯ ಪದ್ಧತಿ. 18ನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬವರು ಈ ಪದ್ಧತಿಯನ್ನು ಅಲ್ಲಿ ನಡೆಸಿ, 1797ರಲ್ಲಿ ಅದರ ವಿಷಯವಾಗಿ ಪುಸ್ತಕವನ್ನು ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ ಅದು ಮದರಾಸು ಪದ್ಧತಿಯೆಂದೇ ಹೆಸರಾಯಿತು. ಹೇಳಿಕೊಡುವ ಮಗುವೇ ಇದರಿಂದ ಹೆಚ್ಚು ಕಲಿಯುವುದೆಂಬುದು ನಮ್ಮ ಅನುಭವ.

ಇನ್ನು ಹಣದ ಮಾತು. ಕೈಯಲ್ಲಿ ಕಾಗದವನ್ನು ಹಿಡಿದು ಲೆಕ್ಕ ಹಾಕಿಯೇ ತೊಡಗಬೇಕು. ಹನ್ನೆರಡು ಮಕ್ಕಳು ತಿಂಗಳಿಗೆ 600 ರೂಪಾಯಿಯಂತೆ ಕೊಡುವರೆಂದು ಎಣಿಸೋಣ. ತಿಂಗಳಿಗೆ 7,200 ರೂಪಾಯಿ. ಆದರೆ ಏಪ್ರಿಲ್ ಮೇ ತಿಂಗಳುಗಳಲ್ಲಿ ಮಕ್ಕಳು ಬರುವುದಿಲ್ಲ. ಹತ್ತು ತಿಂಗಳಿಗೆ 72,000 ಆಯಿತು. ತಿಂಗಳಿಗೆ 2,000ದಂತೆ ಕೋಣೆಯನ್ನು ಬಾಡಿಗೆಗೆ ಹಿಡಿದರೆ, ರಜೆಯಲ್ಲಿಯೂ ಬಾಡಿಗೆ ತಪ್ಪದೆ ವರ್ಷಕ್ಕೆ 24,000 ಹೋಗುವುದು. ದೀಪ, ಸೀಮೆಸುಣ್ಣ, ಕಾಗದಗಳಿಗೆ 4,000 ಕಳೆದರೆ ಉಳಿಯುವುದು 44,000. ಹನ್ನೆರಡು ತಿಂಗಳಿಗೆ ಹಂಚಿದರೆ 3,700ಕ್ಕೂ ಕಡಿಮೆ. ಸ್ವಂತ ಮನೆಯ ಜಗಲಿಯಲ್ಲಿ ತೊಡಗಿದವಳಿಗೆ ಅದೇ ದುಡಿಮೆಯಿಂದ 68,000 ಉಳಿಯುವುದು. ಸಾಲ ಮಾಡಿ ಕೋಣೆ ಹಿಡಿಯುವ ಮೊದಲು ಈ ಅಂತರವನ್ನು ಯೋಚಿಸಬೇಕು. ಇಡೀ ವರ್ಷದ ಶುಲ್ಕವನ್ನು ಮುಂಗಡವಾಗಿ ಪಡೆಯಬಾರದು. ಪಡೆದರೆ, ಮಗುವನ್ನು ಬೇಗ ಸ್ವತಂತ್ರಗೊಳಿಸುವ ಮನಸ್ಸು ನಮಗೆ ಉಳಿಯಲಾರದು.

ಕಾಯಿದೆಯನ್ನೂ ಅರಿತಿರಬೇಕು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲೆಯಲ್ಲಿ ಕೆಲಸದಲ್ಲಿರುವ ಉಪಾಧ್ಯಾಯರು ಖಾಸಗಿ ಪಾಠ ಹೇಳುವುದನ್ನು ನಿಷೇಧಿಸಿದೆ. ತರಗತಿಯಲ್ಲಿ ಅರ್ಧ ಹೇಳಿ, ಉಳಿದರ್ಧವನ್ನು ಮನೆಯಲ್ಲಿ ಮಾರುವುದು ನ್ಯಾಯವಲ್ಲವಷ್ಟೆ! 1983ರ ಕರ್ನಾಟಕ ಶಿಕ್ಷಣ ಕಾಯಿದೆಯು ಟ್ಯುಟೋರಿಯಲ್ ಸಂಸ್ಥೆಗಳ ನೋಂದಣಿಯನ್ನು ವಿಧಿಸಿರುವುದರಿಂದ, ತರಗತಿಯು ಬೆಳೆಯುವ ಮೊದಲೇ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಮಂತ್ರಾಲಯವು ರಾಜ್ಯಗಳಿಗೆ ಕಳುಹಿಸಿದ ಮಾರ್ಗಸೂಚಿಯು 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳನ್ನು ಕುರಿತದ್ದು. 16 ವರ್ಷದೊಳಗಿನವರನ್ನು ಸೇರಿಸಬಾರದು, ದಿನಕ್ಕೆ 5 ಗಂಟೆಗಳಿಗಿಂತ ಹೆಚ್ಚು ಪಾಠ ಕೂಡದು, ಅಂಕ ಅಥವಾ ಸ್ಥಾನ ದೊರಕಿಸುವೆವೆಂಬ ಭರವಸೆಯನ್ನು ಕೊಡಬಾರದು, ನಡುವೆ ಬಿಟ್ಟುಹೋದವರಿಗೆ ಉಳಿದ ಅವಧಿಯ ಶುಲ್ಕವನ್ನು 10 ದಿನಗಳೊಳಗೆ ಮರಳಿಸಬೇಕು ಎಂದು ಅದು ಹೇಳುತ್ತದೆ. ಸಣ್ಣ ತರಗತಿಯನ್ನು ನಡೆಸುವವರಿಗೂ ಕೊನೆಯ ಎರಡು ಮಾತುಗಳು ಒಳ್ಳೆಯ ದಾರಿಯೇ.

ಮಕ್ಕಳನ್ನು ಬೇಗ ಬಿಟ್ಟುಕೊಟ್ಟರೆ ಉದ್ಯೋಗವು ಉಳಿಯುವುದು ಹೇಗೆಂದು ಕೇಳಬಹುದು. ತಾನೇ ಲೆಕ್ಕವನ್ನು ಬಿಡಿಸಬಲ್ಲ ಮಗುವನ್ನು ನೆರೆಹೊರೆಯವರೆಲ್ಲರೂ ನೋಡುವರು. ಅಕ್ಕನು ಬಿಟ್ಟ ಸ್ಥಳಕ್ಕೆ ತಂಗಿಯು ಬರುವಳು, ತಂಗಿಯೊಡನೆ ಅವಳ ಗೆಳತಿಯು ಬರುವಳು. ಇದಕ್ಕೆ ಮಿಗಿಲಾದ ಜಾಹೀರಾತನ್ನು ನಾವು ಕಾಣೆವು.

ಹಾಜರಿ ಪುಸ್ತಕದಲ್ಲಿ ಮಗು ಸೇರಿದ ದಿನವನ್ನು ಎಲ್ಲರೂ ಬರೆಯುವರು. ನಮ್ಮ ವಿದ್ಯಾರ್ಥಿನಿಯರು ಅದರ ಪಕ್ಕದಲ್ಲಿ ಇನ್ನೊಂದು ಸಾಲನ್ನು ಎಳೆದು, “ಇನ್ನು ಸಹಾಯ ಬೇಡ” ಎಂದು ಮಗುವನ್ನು ಕಳುಹಿಸಿದ ದಿನವನ್ನೂ ಬರೆಯಲಿ. ವರ್ಷಾಂತ್ಯದಲ್ಲಿ ಆ ಸಾಲು ತುಂಬಿದ್ದರೆ, ಪಡೆದ ಕೂಲಿಯು ನ್ಯಾಯವಾದ ಕೂಲಿಯೆಂದು ನೆಮ್ಮದಿಯಿಂದಿರಬಹುದು.