ಎಲುಬಿನ ಒಳಗುಟ್ಟು



ಕಳೆದ ಮಳೆಗಾಲದಲ್ಲಿ ನನ್ನ ತಾಯಿಯವರು ಅಂಗಳದಲ್ಲಿ ಜಾರಿ ಬಿದ್ದು, ಸೊಂಟದ ಬಳಿ ತೊಡೆಯ ಎಲುಬು ಮುರಿದುಕೊಂಡರು. ಅವರಿಗೆ ಬಹುಕಾಲದಿಂದ ಸಕ್ಕರೆ ಕಾಯಿಲೆ. ಕೆಲವೇ ತಿಂಗಳ ಹಿಂದೆ ಮಾಡಿಸಿದ ಪರೀಕ್ಷೆಯಲ್ಲಿ ಎಲುಬಿನ ಸಾಂದ್ರತೆ ಸರಿಯಾಗಿಯೇ ಇತ್ತು. ಹಾಗಾದರೆ ಎಲುಬು ಮುರಿದದ್ದೇಕೆ?

ಇದು ನಮ್ಮ ಮನೆಯೊಂದರ ಪ್ರಶ್ನೆಯಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಗೋವೆಯ ವಯಸ್ಕರಲ್ಲಿ ಶೇ. 26.4 ಮಂದಿಗೆ ಮಧುಮೇಹವಿದೆ. ದೇಶದಲ್ಲಿ ಇದೇ ಅತ್ಯಧಿಕ.

ಜರ್ಮನಿಯ ರಂಟ್‌ಜನ್ ಎಂಬ ವಿಜ್ಞಾನಿ 1895ರಲ್ಲಿ ಕ್ಷ-ಕಿರಣವನ್ನು ಕಂಡುಹಿಡಿದನು. ಮುರಿದ ಎಲುಬನ್ನು ಅದು ಚೆನ್ನಾಗಿ ತೋರಿಸುತ್ತದೆ. ಆದರೆ ಸವೆತವು ಸುಮಾರು ಶೇ. 30ರಷ್ಟಾಗುವವರೆಗೆ ಸಾಮಾನ್ಯ ಚಿತ್ರದಲ್ಲಿ ಕಾಣಿಸದು. ಆದ್ದರಿಂದ ‘ಡೆಕ್ಸಾ’ ಯಂತ್ರ ಬಂದಿತು. ಇದು ಎರಡು ಬೇರೆ ಬೇರೆ ಶಕ್ತಿಯ ಕ್ಷ-ಕಿರಣಗಳನ್ನು ಹಾಯಿಸಿ, ಎಲುಬಿನಲ್ಲಿರುವ ಖನಿಜಾಂಶವನ್ನು ಅಳೆಯುತ್ತದೆ. ಆರೋಗ್ಯವಂತ ತರುಣರ ಎಲುಬಿನೊಡನೆ ಹೋಲಿಸಿ ಕೊಡುವ ಅಂಕವೇ ‘ಟಿ-ಸ್ಕೋರ್’. ಅದು -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಎಲುಬು ಸವೆದಿದೆ ಎಂದರ್ಥ.

ಮಧುಮೇಹದಲ್ಲಿ ಈ ಅಂಕ ನಮ್ಮನ್ನು ಮೋಸಗೊಳಿಸಬಹುದು. ಸಾಮಾನ್ಯವಾಗಿ ಎಳವೆಯಲ್ಲಿ ಬರುವ ಒಂದನೆಯ ಬಗೆಯಲ್ಲಿ ಸಾಂದ್ರತೆಯೇ ಕುಗ್ಗುತ್ತದೆ. ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಎರಡನೆಯ ಬಗೆಯಲ್ಲಿ ಸಾಂದ್ರತೆ ಸರಿಯಾಗಿಯೋ, ತುಸು ಹೆಚ್ಚಾಗಿಯೋ ಇರುತ್ತದೆ. ಆದರೂ ಎಲುಬು ಮುರಿಯುವ ಸಂಭವ ಹೆಚ್ಚು. ರಕ್ತದಲ್ಲಿ ಹೆಚ್ಚಾದ ಸಕ್ಕರೆಯು ಎಲುಬಿನ ಕೊಲಾಜನ್ ಎಂಬ ನಾರಿಗೆ ಅಂಟಿಕೊಂಡು ಅದನ್ನು ಪೆಡಸಾಗಿಸುತ್ತದೆ. ಕೆಲವರಲ್ಲಿ ಎಲುಬಿನ ಹೊರಪದರದಲ್ಲಿ ಸಣ್ಣ ರಂಧ್ರಗಳು ಹೆಚ್ಚುತ್ತವೆ. ನಮ್ಮೂರ ಮನೆಗಳ ಕೆಂಪು ಚಿರೆಕಲ್ಲನ್ನು ನೋಡಿರಿ: ಬರಿಯ ತೂಕದಿಂದ ಅದರ ಗಟ್ಟಿತನ ತಿಳಿದೀತೇ? ಒಳಗಿನ ತೂತುಗಳನ್ನೂ ನೋಡಬೇಕು.

ಹಾಗೆ ನೋಡುವ ಉಪಾಯಗಳೂ ಇವೆ. ಬೆನ್ನೆಲುಬಿನ ಡೆಕ್ಸಾ ಚಿತ್ರವನ್ನೇ ಗಣಕಯಂತ್ರದಿಂದ ಪರಿಶೀಲಿಸಿ, ಒಳಗಿನ ಜಾಲರಿಯ ಸ್ಥಿತಿಯನ್ನು ಅಂದಾಜು ಮಾಡುತ್ತಾರೆ. ಮುಂಗೈ ಮತ್ತು ಕಣಕಾಲಿನ ಅತಿ ಸೂಕ್ಷ್ಮ ಸಿ.ಟಿ. ಚಿತ್ರವು ಹೊರಪದರದ ರಂಧ್ರಗಳನ್ನೂ ತೋರಿಸುತ್ತದೆ. ಈ ಯಂತ್ರ ಹೆಚ್ಚಾಗಿ ಸಂಶೋಧನಾಲಯಗಳಲ್ಲಿದೆ.

ಆದರೆ ಬೀಳುವುದನ್ನು ಯಾವ ಯಂತ್ರವೂ ತಪ್ಪಿಸದು. ಮಧುಮೇಹದಿಂದ ಪಾದದ ಸ್ಪರ್ಶ ಮಂದವಾಗುತ್ತದೆ, ದೃಷ್ಟಿಯೂ ಕುಂದಬಹುದು. ಆದುದರಿಂದ ಅಜ್ಜ-ಅಜ್ಜಿಯರ ಬಚ್ಚಲಲ್ಲಿ ದೀಪವಿರಲಿ, ಅಂಗಳದ ಪಾಚಿಯನ್ನು ನೀವೇ ತಿಕ್ಕಿ ತೆಗೆಯಿರಿ. ಎಲುಬಿನ ಪರೀಕ್ಷೆಗೆ ಹೋದಾಗ ಸಕ್ಕರೆ ಕಾಯಿಲೆ ಎಷ್ಟು ವರ್ಷಗಳಿಂದ ಇದೆ ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ. ನಾವು ಅಂಕವನ್ನು ನೋಡಿ ನಿಶ್ಚಿಂತರಾಗಿದ್ದೆವು, ನೀವು ಹಾಗಾಗಬೇಡಿರಿ.